ಅಂಡದ ದಫ್ತರ: ಸಸ್ತನಿಗಳ ಅಂಡವಿಕಾಸಕ್ಕೆ ಸಂಬಂಧಿಸಿದ ಸಾಕ್ಷ್ಯಗಳ ವಿಮರ್ಶೆ

ಸಸ್ತನಿಗಳ ಅಂಡವು ಹೇಗೆ ಬೆಳೆದು ಪಕ್ವವಾಗುತ್ತದೆ ಎಂಬುದನ್ನು ಕುರಿತು ಕಳೆದ ನಾಲ್ಕೈದು ದಶಕಗಳಲ್ಲಿ ಹೊರಬಂದಿರುವ ಬರಹದ ರಾಶಿ ಅಪಾರವಾದುದು. ಅದರ ಬಹುಭಾಗವನ್ನು ಜೀವವಿಜ್ಞಾನಿಗಳು ಜೀವವಿಜ್ಞಾನಿಗಳಿಗಾಗಿಯೇ ಬರೆದಿದ್ದಾರೆ. ಅಲ್ಲಿನ ಪ್ರಯೋಗಗಳ ಸತ್ಯಾಸತ್ಯವನ್ನು ತೂಗಿನೋಡುವ ಅಧಿಕಾರ ಇತಿಹಾಸದ ಅಧ್ಯಾಪಕರಾದ ನಮಗಿಲ್ಲ. ಆದರೆ ಆ ಪ್ರಯೋಗಗಳಿಂದ ಒಂದು ಕಥನವನ್ನು ಕಟ್ಟುವ ಕಾರ್ಯ ಬೇರೆಯೇ ಇದೆಯಷ್ಟೆ. ಯಾವ ಜೀನು ಯಾವ ಹಂತದಲ್ಲಿ ಎಚ್ಚೆತ್ತಿತು, ಯಾವ ಪ್ರೋಟೀನು ಯಾವಾಗ ಕಾಣಿಸಿಕೊಂಡಿತು, ಯಾವುದರಿಂದ ಯಾವುದಾಯಿತು ಎಂದು ಹೇಳುವುದು ಕಾಲಾನುಕ್ರಮದ ಕಥನ. ಕಾಲಾನುಕ್ರಮದ ಕಥನವೆಂದಮೇಲೆ ಅದೂ ಒಂದು ಬಗೆಯ ಇತಿಹಾಸವೇ. ಅದರ ಆಕರಗಳು ಎಂಥವು, ಅವು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂದು ಕೇಳುವುದು ನಮ್ಮ ಶಾಸ್ತ್ರಕ್ಕೆ ಹೊರತಾದ ಮಾತಲ್ಲ. ಈ ದೃಷ್ಟಿಯಿಂದ ನೋಡಿದಾಗ ಅಂಡವಿಕಾಸದ ಬರಹಗಳಲ್ಲಿ, ವಿಶೇಷವಾಗಿ ಕಾಲೇಜು ವಿದ್ಯಾರ್ಥಿಗಳ ಕೈಗೆ ಬರುವ ಸಂಗ್ರಹರೂಪದ ಬರಹಗಳಲ್ಲಿ, ಒಂದು ದೋಷ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸಂದೇಶದ ಪ್ರತಿ ದೊರೆತಮಾತ್ರಕ್ಕೆ ಕಾರ್ಯ ನಡೆಯಿತೆಂದು ಭಾವಿಸುವುದೇ ಆ ದೋಷ.

ಈ ವಿಷಯದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿಯಾದರೂ ನೆನೆಯುವುದು ಅಗತ್ಯ. ವಿಲಿಯಂ ಹಾರ್ವೆ ೧೬೫೧ರಲ್ಲಿ ಪ್ರಾಣಿಗಳ ಉತ್ಪತ್ತಿಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಾಗ ಅದರ ಮುಖಚಿತ್ರದಲ್ಲಿ ಸಕಲವೂ ಅಂಡದಿಂದ ಎಂಬ ಅರ್ಥದ ಲ್ಯಾಟಿನ್ ಉಕ್ತಿಯಿದ್ದಿತು. ಆದರೆ ದೊರೆ ಮೊದಲನೆಯ ಚಾರ್ಲ್ಸನ ಬೇಟೆಯ ಜಿಂಕೆಗಳನ್ನು ಕೊಯ್ದು ನೋಡಿದ ಹಾರ್ವೆಗೆ ಅವುಗಳ ಗರ್ಭಾಶಯದಲ್ಲಿ ಅಂಡವೆಂಬುದು ಸಿಕ್ಕಲಿಲ್ಲ. ೧೬೭೨ರಲ್ಲಿ ರೆನ್ಯೆ ಡ ಗ್ರಾಫ್ ಅಂಡಾಶಯದ ಮೇಲಿನ ನೀರುಗುಳ್ಳೆಗಳಂಥ ಪುಟಕಗಳನ್ನು ವರ್ಣಿಸಿ ಅವನ್ನೇ ಅಂಡಗಳೆಂದು ಬಗೆದನು. ಮೊಲಗಳ ನಾಳದಲ್ಲಿ ತಾನು ಕಂಡ ಅಂಡಗಳು ಪುಟಕಗಳಿಗಿಂತ ಬಹಳ ಚಿಕ್ಕವು ಎಂಬುದನ್ನೂ ಅವನೇ ಗಮನಿಸಿ ಬರೆದಿಟ್ಟಿದ್ದಾನೆ. ಪಠ್ಯಪುಸ್ತಕಗಳು ಅವನ ತಪ್ಪನ್ನು ಮಾತ್ರ ಎತ್ತಿ ಹೇಳುತ್ತವೆ. ತನ್ನ ಸಿದ್ಧಾಂತಕ್ಕೆ ಒಗ್ಗದ ಸಾಕ್ಷ್ಯವನ್ನು ಮುಚ್ಚಿಡದೆ ದಾಖಲಿಸಿದ ಅವನ ಪ್ರಾಮಾಣಿಕತೆಯನ್ನು ಹೇಳುವುದಿಲ್ಲ. ಆ ವ್ಯತ್ಯಾಸದ ಸಮಾಧಾನ ದೊರೆಯುವುದಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕಿ ಕಾಯಬೇಕಾಯಿತು. ೧೮೨೭ರಲ್ಲಿ ಕೋನಿಗ್ಸ್‌ಬರ್ಗಿನ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ನಾಯಿಯೊಂದರ ಪುಟಕದ ಒಳಗೆ ಹಳದಿಯ ಚುಕ್ಕೆಯೊಂದನ್ನು ಕಂಡು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದೇ ಅಂಡವೆಂದು ಸ್ಥಾಪಿಸಿದನು. ಗ್ರಾಫನು ಕಂಡದ್ದು ಕರಂಡಕ. ಬೇರನು ಕಂಡದ್ದು ಅದರೊಳಗಿನ ವಸ್ತು. ಇಟ್ಟ ಪಾತ್ರೆಯನ್ನೇ ಪದಾರ್ಥವೆಂದು ತಿಳಿಯುವ ಈ ಬಗೆಯ ಪ್ರಮಾದ ಅಂಡದ ವಿಷಯದಲ್ಲಿ ಅದೇ ಕೊನೆಯದಾಗಲಿಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಇನ್ನು ಅಂಡದ ಸ್ವಂತ ಚರಿತ್ರೆಗೆ ಬರೋಣ. ಸ್ತ್ರೀಶಿಶು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಅಂಡಮಾತೃಕೋಶಗಳು ಹುಟ್ಟಿ, ಮಿಯಾಸಿಸ್ ಎಂಬ ವಿಶೇಷ ವಿಭಜನೆಯನ್ನು ಆರಂಭಿಸಿ, ನಡುವಿನಲ್ಲಿಯೇ ನಿಂತುಬಿಡುತ್ತವೆ. ಮಾನವಶಿಶುವಿನಲ್ಲಿ ಗರ್ಭದ ಐದನೆಯ ತಿಂಗಳ ಸುಮಾರಿಗೆ ಇಂಥ ಕೋಶಗಳ ಸಂಖ್ಯೆ ೭೦ ಲಕ್ಷದ ಹತ್ತಿರ ಇರುತ್ತದೆ. ಜನನಕಾಲಕ್ಕೆ ೧೦ರಿಂದ ೨೦ ಲಕ್ಷಕ್ಕೆ ಇಳಿಯುತ್ತದೆ. ಒಬ್ಬ ಹೆಂಗಸಿನ ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುದು ನಾನೂರರ ಆಸುಪಾಸು. ನಿಂತ ವಿಭಜನೆ ಮುಂದುವರಿಯುವುದು ಅಂಡವು ಹೊರಬೀಳುವ ಹೊತ್ತಿನಲ್ಲಿ. ಎಂದರೆ ಕೆಲವು ಅಂಡಗಳಲ್ಲಿ ಹನ್ನೆರಡು ಹದಿಮೂರು ವರ್ಷಗಳ, ಕೆಲವುಗಳಲ್ಲಿ ನಲವತ್ತು ವರ್ಷಕ್ಕೂ ಮೀರಿದ ವಿರಾಮ ನಡುವೆ ಬೀಳುತ್ತದೆ. ದೇಹದ ಬೇರಾವ ಜೀವಕೋಶದ ಚರಿತ್ರೆಯಲ್ಲಿಯೂ ಇಂಥ ಒಂದು ಅಧ್ಯಾಯವಿಲ್ಲ.

ವಿರಾಮದ ಅನಂತರ ಬೆಳವಣಿಗೆ. ಇಲಿಯ ಅಂಡವು ಎರಡು ಮೂರು ವಾರಗಳಲ್ಲಿ ಇಪ್ಪತ್ತು ಮೈಕ್ರಾನುಗಳಿಗಿಂತ ಕಡಮೆಯ ವ್ಯಾಸದಿಂದ ಎಂಬತ್ತರ ಹತ್ತಿರಕ್ಕೆ ಬೆಳೆಯುತ್ತದೆ. ಈ ಕಾಲದಲ್ಲಿ ಅದರ ಜೀನುಗಳು ಅತ್ಯಂತ ಚುರುಕಾಗಿ ಪ್ರತಿಮಾಡಲ್ಪಡುತ್ತವೆ. ಜೀನಿನ ಬರಹವನ್ನು ನಕಲುಮಾಡಿ ಒಯ್ಯುವ ಸಂದೇಶವಾಹಕ ಆರ್‌ಎನ್‌ಎ ರಾಶಿರಾಶಿಯಾಗಿ ತಯಾರಾಗುತ್ತದೆ. ಸಾಮಾನ್ಯ ಕೋಶಗಳಲ್ಲಿ ಇಂಥ ಸಂದೇಶಗಳು ಕೆಲವು ಗಂಟೆಗಳಲ್ಲಿ ಅಳಿದುಹೋಗುತ್ತವೆ. ಬೆಳೆಯುವ ಅಂಡದಲ್ಲಿ ಅವು ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತವೆ. ಅಂಡವು ಪೂರ್ಣಗಾತ್ರಕ್ಕೆ ಬಂದಮೇಲೆ ಒಂದು ವಿಚಿತ್ರ ಸಂಗತಿ ಸಂಭವಿಸುತ್ತದೆ: ಪ್ರತಿಲೇಖನದ ಕೆಲಸ ಸಂಪೂರ್ಣವಾಗಿ ನಿಂತುಹೋಗುತ್ತದೆ. ಮುಂದೆ ಅಂಡವು ಪಕ್ವವಾಗುವುದು, ಶುಕ್ರಾಣುವನ್ನು ಸ್ವೀಕರಿಸುವುದು, ಭ್ರೂಣವಾಗಿ ಮೊದಲ ಸಲ ಒಡೆಯುವುದು ಇವೆಲ್ಲ ಹಳೆಯ ದಫ್ತರದ ಬಲದಿಂದಲೇ ನಡೆಯಬೇಕು. ಭ್ರೂಣದ ಸ್ವಂತ ಜೀನುಗಳು ಪ್ರಧಾನವಾಗಿ ಮಾತನಾಡತೊಡಗುವುದು ಇಲಿಯಲ್ಲಿ ಎರಡು ಕೋಶಗಳ ಹಂತದಲ್ಲಿ. ಮಾನವಭ್ರೂಣದಲ್ಲಿ ಇದು ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲೆಂದು ಬ್ರಾಡ್, ಬೋಲ್ಟನ್, ಮೂರ್ ಎಂಬವರು ೧೯೮೮ರಲ್ಲಿ ತೋರಿಸಿದರು.

ಹೀಗಿರುವಲ್ಲಿ, ಅಂಡದಲ್ಲಿ ಜೀನುಗಳ ಅಭಿವ್ಯಕ್ತಿ ಎಂಬ ಮಾತಿಗೆ ಅರ್ಥವೇನು? ಇಂಗ್ಲಿಷಿನ ಶಬ್ದಕ್ಕೆ ನಾವು ಕನ್ನಡದಲ್ಲಿ ಅಭಿವ್ಯಕ್ತಿ ಎಂದು ಬಳಸುತ್ತೇವೆ. ಕಾವ್ಯಮೀಮಾಂಸೆಯ ಪರಿಚಯವಿರುವ ಅಧ್ಯಾಪಕರಿಗೆ ಈ ಶಬ್ದದ ಭಾರ ಗೊತ್ತಿದೆ. ರಸವು ಉತ್ಪನ್ನವಾಗುತ್ತದೆ ಎಂದು ಲೊಲ್ಲಟನ ಪಕ್ಷ. ಉತ್ಪನ್ನವಾಗುವುದಲ್ಲ, ಅಭಿವ್ಯಕ್ತವಾಗುತ್ತದೆ ಎಂದು ಅಭಿನವಗುಪ್ತನ ಪಕ್ಷ. ಅಭಿವ್ಯಕ್ತಿಯೆಂದರೆ ಒಳಗೆ ಇದ್ದುದು ತೆರೆ ಸರಿದಾಗ ತೋರುವುದು. ಜೀನಿನ ವಿಷಯದಲ್ಲಿ ಈ ಶಬ್ದವನ್ನು ಹಾಕಿದೊಡನೆ ಪ್ರೋಟೀನು ಮೊದಲೇ ಜೀನಿನಲ್ಲಿ ಅಡಗಿತ್ತು, ಸಮಯ ಬಂದಾಗ ಹೊರಗೆ ತೋರಿತು ಎಂಬ ಭ್ರಾಂತಿ ತಾನಾಗಿಯೇ ಉಂಟಾಗುತ್ತದೆ. ನಿಜವಾಗಿ ಇಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳಿವೆ: ಜೀನಿನಿಂದ ಸಂದೇಶವನ್ನು ನಕಲುಮಾಡುವುದು ಒಂದು, ಸಂದೇಶವನ್ನು ಓದಿ ಪ್ರೋಟೀನನ್ನು ಕಟ್ಟುವುದು ಇನ್ನೊಂದು. ಎರಡೂ ಉತ್ಪತ್ತಿಗಳೇ. ಎರಡಕ್ಕೂ ಬೇರೆ ಬೇರೆ ಸಾಮಗ್ರಿ, ಬೇರೆ ಬೇರೆ ಆಜ್ಞೆ, ಬೇರೆ ಬೇರೆ ಕಾಲ. ಒಂದೇ ಶಬ್ದ ಎರಡನ್ನೂ ಹೊದ್ದುಕೊಂಡಿರುವುದರಿಂದ ಬರೆಯುವವರು ಒಂದನ್ನು ಅಳೆದು ಇನ್ನೊಂದನ್ನು ಹೇಳುವುದಕ್ಕೆ ಅವಕಾಶವಾಗಿದೆ. ಉಳಿದ ಕೋಶಗಳಲ್ಲಿ ಇದರಿಂದ ಆಗುವ ಹಾನಿ ಅಲ್ಪವಿರಬಹುದು. ಅಂಡದಲ್ಲಿ ಈ ಎರಡು ಕ್ರಿಯೆಗಳ ನಡುವೆ ವಾರಗಳ ಅಂತರವಿರುವುದರಿಂದ ಹಾನಿ ದೊಡ್ಡದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪ್ಲಾಸ್ಮಿನೋಜನ್ ಆಕ್ಟಿವೇಟರ್ ಎಂಬ ಕಿಣ್ವದ ಸಂದೇಶವು ಇಲಿಯ ಬೆಳೆಯುವ ಅಂಡದಲ್ಲಿ ಹೇರಳವಾಗಿ ಶೇಖರವಾಗುತ್ತದೆ. ಆದರೆ ಕಿಣ್ವ ಮಾತ್ರ ಅಲ್ಲಿ ಕಾಣುವುದಿಲ್ಲ. ಹ್ವಾರ್ಟೆ, ವಸಾಲಿ ಮೊದಲಾದವರು ೧೯೮೭ರಲ್ಲಿ ಇದರ ಮರ್ಮವನ್ನು ಬಿಡಿಸಿದರು. ಸಂದೇಶದ ತುದಿಯಲ್ಲಿ ಅಡೆನಿನ್ ಘಟಕಗಳ ಬಾಲವೊಂದಿರುತ್ತದೆ. ಶೇಖರದಲ್ಲಿರುವಾಗ ಆ ಬಾಲ ಮೊಟಕಾಗಿರುತ್ತದೆ, ಸಂದೇಶ ನಿದ್ರಿಸುತ್ತದೆ. ಅಂಡವು ಪಕ್ವವಾಗತೊಡಗಿದಾಗ ಬಾಲ ಉದ್ದವಾಗುತ್ತದೆ, ಆಗ ಸಂದೇಶ ಓದಲ್ಪಟ್ಟು ಕಿಣ್ವ ಹುಟ್ಟುತ್ತದೆ. ಹೊಸದಾಗಿ ಒಂದು ಸಂದೇಶವೂ ಬರೆಯಲ್ಪಡಲಿಲ್ಲ. ಹಳೆಯ ಸಂದೇಶಕ್ಕೆ ಮೊಹರು ಬಿದ್ದಿತು, ಅಷ್ಟೆ. ಸಂದೇಶಗಳನ್ನು ಎಣಿಸುವವನಿಗೆ ಈ ಎರಡು ಸ್ಥಿತಿಗಳ ನಡುವೆ ಯಾವ ವ್ಯತ್ಯಾಸವೂ ತೋರದೆ ಹೋಗಬಹುದು. ಅಂಡಕ್ಕಾದರೋ ಒಂದು ನಿದ್ರೆ, ಇನ್ನೊಂದು ಎಚ್ಚರ. ಶಾಸನಗಳನ್ನು ಓದುವ ನಮಗೆ ಇದು ಅಪರಿಚಿತವಲ್ಲ. ಭೂಮಿಯನ್ನು ದತ್ತಿಕೊಟ್ಟೆವೆಂದು ಕಲ್ಲಿನಲ್ಲಿ ಕೆತ್ತಿರುವುದರಿಂದ ದತ್ತಿ ಕೊಡುವ ಸಂಕಲ್ಪವಾಯಿತೆಂದು ಹೇಳಬಹುದು. ಪ್ರತಿಗ್ರಹಿ ಆ ಭೂಮಿಯನ್ನು ಉತ್ತನೆಂದು ಹೇಳಬೇಕಾದರೆ ಬೇರೆ ಆಧಾರ ಬೇಕು.

ಮಾಸ್ ಎಂಬ ಪ್ರೋಟೀನಿನ ಕಥೆಯೂ ಇಂಥದೇ. ಅದರ ಸಂದೇಶ ಅಂಡದ ದಫ್ತರದಲ್ಲಿ ಮೊದಲೇ ಇರುತ್ತದೆ. ಪ್ರೋಟೀನು ತಯಾರಾಗುವುದು ಪಕ್ವವಾಗುವ ಹೊತ್ತಿನಲ್ಲಿ. ಪಕ್ವವಾದ ಅಂಡವು ಶುಕ್ರಾಣು ಬರುವವರೆಗೆ ಎರಡನೆಯ ವಿಭಜನೆಯ ನಡುವೆ ಕಾದು ನಿಲ್ಲಬೇಕಷ್ಟೆ. ಹಾಗೆ ನಿಲ್ಲಿಸುವವುಗಳಲ್ಲಿ ಮಾಸ್ ಮುಖ್ಯವಾದುದು. ೧೯೯೪ರಲ್ಲಿ ಎರಡು ತಂಡಗಳು ಈ ಜೀನಿಲ್ಲದ ಇಲಿಗಳನ್ನು ಸೃಷ್ಟಿಸಿ ನೋಡಿದಾಗ ಅವುಗಳ ಅಂಡಗಳು ಕಾಯಲಾರದೆ ಶುಕ್ರಾಣುವಿನ ನೆರವಿಲ್ಲದೆಯೇ ಒಡೆಯತೊಡಗಿದವು. ಇಂಥ ಸಾಕ್ಷ್ಯವನ್ನೇ ನಾವು ಬಲವಾದ ಸಾಕ್ಷ್ಯವೆನ್ನುವುದು: ವಸ್ತುವನ್ನು ತೆಗೆದಾಗ ಕಾರ್ಯ ಕೆಡುತ್ತದೆ. ಸಂದೇಶದ ಇರವು ಮಾತ್ರ ಇಷ್ಟನ್ನು ಹೇಳಲಾರದು.

ಹಾಗಾದರೆ ಬರಹಗಳಲ್ಲಿ ಸಂದೇಶಗಳಿಗೆ ಇಷ್ಟು ಪ್ರಾಧಾನ್ಯ ಬಂದುದೇಕೆ? ಇದಕ್ಕೆ ಕಾರಣ ಅಂಡದಲ್ಲಿಲ್ಲ, ಉಪಕರಣದಲ್ಲಿದೆ. ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಮಾರ್ಪಡಿಸಿ ಪ್ರತಿಗಳನ್ನು ಬೇಕಾದಷ್ಟು ಹೆಚ್ಚಿಸಿಕೊಳ್ಳಬಹುದು. ಆದುದರಿಂದ ೨೦೦೯ರಲ್ಲಿ ಸುರಾನಿಯವರ ಪ್ರಯೋಗಶಾಲೆಯ ಟ್ಯಾಂಗ್ ಮೊದಲಾದವರು ಇಲಿಯ ಭ್ರೂಣದ ಒಂದೇ ಒಂದು ಕೋಶದ ಸಂದೇಶಗಳನ್ನು ಸಮಗ್ರವಾಗಿ ಓದಲು ಸಾಧ್ಯವಾಯಿತು. ಪ್ರೋಟೀನನ್ನು ಹೀಗೆ ಹೆಚ್ಚಿಸುವ ವಿದ್ಯೆ ಇಲ್ಲ, ಇದ್ದಷ್ಟನ್ನೇ ಅಳೆಯಬೇಕು. ಮರುವರ್ಷ, ೨೦೧೦ರಲ್ಲಿ, ಚೀನದ ಸಂಶೋಧಕರು ಇಲಿಯ ಅಂಡದ ಪ್ರೋಟೀನುಗಳ ಪಟ್ಟಿಯನ್ನು ಸಿದ್ಧಪಡಿಸಬೇಕಾದರೆ ಏಳು ಸಾವಿರ ಅಂಡಗಳ ಪ್ರಮಾಣದಲ್ಲಿ ಸಾಮಗ್ರಿಯನ್ನು ಕೂಡಿಸಬೇಕಾಯಿತು. ಅಷ್ಟು ಶ್ರಮದಿಂದ ಅವರಿಗೆ ದೊರೆತದ್ದು ಪಕ್ವವಾಗುವ ಮೊದಲಿನ ಅಂಡದಲ್ಲಿ ೨,೭೮೧, ಪಕ್ವವಾದ ಅಂಡದಲ್ಲಿ ೨,೯೭೩, ಫಲಿತ ಅಂಡದಲ್ಲಿ ೨,೦೮೨ ಪ್ರೋಟೀನುಗಳು. ಈಚಿನ ವರ್ಷಗಳಲ್ಲಿ ಉಪಕರಣಗಳು ಸೂಕ್ಷ್ಮವಾಗಿ ಒಂದೊಂದೇ ಅಂಡವನ್ನು ಪರಿಶೀಲಿಸುವ ಯತ್ನಗಳೂ ಸಫಲವಾಗಿವೆ. ಆದರೂ ಮೂಲದ ಅಸಮತೆ ಹಾಗೆಯೇ ಇದೆ. ಒಂದು ಬಗೆಯ ದಾಖಲೆ ಪ್ರತಿಮಾಡಲು ಸುಲಭ, ಇನ್ನೊಂದು ಬಗೆಯದು ದುರ್ಲಭ. ಸುಲಭವಾಗಿ ಪ್ರತಿಯಾಗುವ ದಾಖಲೆ ಭಂಡಾರವನ್ನು ತುಂಬುತ್ತದೆ. ಭಂಡಾರವನ್ನು ತುಂಬಿದ್ದು ಚರಿತ್ರೆಯನ್ನು ತುಂಬುತ್ತದೆ. ಅರಮನೆಯ ಲೆಕ್ಕಪತ್ರಗಳು ಉಳಿದು ಒಕ್ಕಲಿನ ಮಾತು ಅಳಿದ ಕಡೆಯಲ್ಲೆಲ್ಲ ಇತಿಹಾಸಕಾರರು ಅರಮನೆಯ ಚರಿತ್ರೆಯನ್ನೇ ದೇಶದ ಚರಿತ್ರೆಯೆಂದು ಬರೆದರಷ್ಟೆ. ಇದು ಅದೇ ಬಗೆ.

ಆದರೆ ಪ್ರೋಟೀನಿನ ಸಾಕ್ಷ್ಯವನ್ನು ಹಿಡಿದಮಾತ್ರಕ್ಕೆ ನಿರ್ಭಯವೆಂದು ತಿಳಿಯಬಾರದು. ಇದಕ್ಕೆ ಒಳ್ಳೆಯ ದೃಷ್ಟಾಂತ ಅಂಡದ್ರವದಲ್ಲಿರುವ ಜಾಲರಿಗಳದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಸ್ತನಿಗಳ ಅಂಡವನ್ನು ನೋಡಿದವರು ಅದರ ತುಂಬ ಎಳೆಎಳೆಯಾದ ಜಾಲರಿಗಳನ್ನು ದಶಕಗಳ ಹಿಂದೆಯೇ ಕಂಡಿದ್ದರು. ಇವು ಏನು? ೨೦೦೮ರಲ್ಲಿ ಪ್ರಕಟವಾದ ಒಂದು ಪ್ರಬಂಧ ಇವು ರೈಬೋಸೋಮುಗಳ ಶೇಖರಸ್ಥಾನವೆಂದು ವಾದಿಸಿತು. ಪಿಎಡಿಐ೬ ಎಂಬ ಪ್ರೋಟೀನಿಲ್ಲದ ಇಲಿಗಳಲ್ಲಿ ಜಾಲರಿಗಳೂ ಇರಲಿಲ್ಲ, ಭ್ರೂಣಗಳೂ ಎರಡು ಕೋಶಗಳ ಹಂತವನ್ನು ದಾಟುತ್ತಿರಲಿಲ್ಲ. ೨೦೨೩ರಲ್ಲಿ ಜೆಂಟಾಫ್ಟ್, ಷೂ ಮೊದಲಾದವರು ಅವೇ ಜಾಲರಿಗಳನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿ, ಅಲ್ಲಿ ಶೇಖರವಾಗಿರುವುದು ಭ್ರೂಣಕ್ಕೆ ಬೇಕಾದ ಪ್ರೋಟೀನುಗಳೆಂದು ತೋರಿಸಿದರು. ಚಿತ್ರ ಅದೇ, ಓದು ಬೇರೆ. ಇದೇ ಪ್ರಯೋಗಶಾಲೆಯವರು ೨೦೨೨ರಲ್ಲಿ, ಸಂದೇಶಗಳು ಮೈಟೋಕಾಂಡ್ರಿಯಗಳ ಸುತ್ತ ಪೊರೆಯಿಲ್ಲದ ಒಂದು ಆವರಣದಲ್ಲಿ ಕೂಡಿಡಲ್ಪಡುತ್ತವೆಂದೂ ಜ಼ಾರ್೧ ಎಂಬ ಪ್ರೋಟೀನು ಅದಕ್ಕೆ ಅತ್ಯವಶ್ಯವೆಂದೂ ತಿಳಿಸಿದ್ದರು. ಹೀಗೆ ಅಂಡದಲ್ಲಿ ಸಂದೇಶಗಳ ದಫ್ತರ ಬೇರೆ, ತಯಾರಾದ ವಸ್ತುಗಳ ಉಗ್ರಾಣ ಬೇರೆ ಎಂದು ಈಗ ಸ್ಪಷ್ಟವಾಗಿದೆ. ಅಂಡವು ಭ್ರೂಣಕ್ಕೆ ಬರೆದಿಟ್ಟ ಆಜ್ಞೆಗಳನ್ನು ಮಾತ್ರ ಬಿಟ್ಟುಹೋಗುತ್ತದೆಂಬ ಹಳೆಯ ವಿವರಣೆ ಈ ಶೋಧದಿಂದ ಅರ್ಧವಿವರಣೆಯಾಗಿ ಉಳಿಯಿತು. ಗ್ರಾಫನ ಕರಂಡಕವನ್ನು ಇಲ್ಲಿ ಮತ್ತೆ ನೆನೆಯಬಹುದು.

ಸಾಕ್ಷ್ಯವನ್ನು ತಪ್ಪಾಗಿ ಓದಿದ್ದರಿಂದ ಎಂಥ ವಿವಾದವೇಳಬಹುದೆಂಬುದಕ್ಕೆ ಇನ್ನೊಂದು ಪ್ರಸಂಗವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಜನನಾನಂತರ ಹೊಸ ಅಂಡಗಳು ಹುಟ್ಟುವುದಿಲ್ಲವೆಂಬ ಮತವನ್ನು ವಾಲ್ಡೆಯರ್ ೧೮೭೦ರಲ್ಲಿ ಪ್ರತಿಪಾದಿಸಿದ್ದನು. ಸಾಲಿ ಜ಼ುಕರ್‌ಮನ್ ೧೯೫೧ರಲ್ಲಿ ಅಂದಿನವರೆಗಿನ ಸಾಕ್ಷ್ಯಗಳನ್ನೆಲ್ಲ ಕೂಡಿಸಿ ಅದೇ ಮತವನ್ನು ಸ್ಥಿರಪಡಿಸಿದನು. ೨೦೦೪ರಲ್ಲಿ ಜೊನಾಥನ್ ಟಿಲಿ ಮತ್ತು ಸಂಗಡಿಗರು ಇಲಿಯ ಪುಟಕಗಳು ಅಳಿಯುವ ವೇಗವನ್ನು ಲೆಕ್ಕಹಾಕಿ, ಹೊಸ ಅಂಡಗಳು ಹುಟ್ಟದೆ ಇದ್ದರೆ ಆ ವೇಗಕ್ಕೆ ಭಂಡಾರ ಬೇಗನೆ ಬರಿದಾಗಬೇಕಾಗಿತ್ತೆಂದು ವಾದಿಸಿದರು. ಮರುವರ್ಷ ಅವರು ಮುಂದುವರಿದು, ಮೂಳೆಯ ಮಜ್ಜೆಯಲ್ಲಿ ಅಂಡಮೂಲದ ಕೋಶಗಳಿರುವಂತೆ ತೋರುತ್ತದೆಂದು ಪ್ರಕಟಿಸಿದರು. ಆಧಾರಗಳಲ್ಲಿ ಒಂದು, ಅಂಡಜಾತಿಯ ಕೋಶಗಳಿಗೆ ವಿಶಿಷ್ಟವೆಂದು ತಿಳಿದಿದ್ದ ಜೀನುಗಳ ಸಂದೇಶಗಳು ಮಜ್ಜೆಯಲ್ಲಿ ದೊರೆತದ್ದು. ೨೦೦೬ರಲ್ಲಿ ಎಗನ್, ವೇಜರ್ಸ್ ಮೊದಲಾದವರು ಎರಡು ಇಲಿಗಳ ರಕ್ತಸಂಚಾರವನ್ನು ಜೋಡಿಸಿ, ಒಂದರ ರಕ್ತದಿಂದ ಇನ್ನೊಂದರ ಅಂಡಗಳು ಬರುತ್ತವೆಯೇ ಎಂದು ನೇರವಾಗಿ ಪರೀಕ್ಷಿಸಿದರು; ಹೊರಬಿದ್ದ ಅಂಡಗಳಲ್ಲಿ ಒಂದೂ ಹಾಗೆ ಬಂದುದಾಗಿರಲಿಲ್ಲ.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ೨೦೧೨ರಲ್ಲಿ ಟಿಲಿಯವರ ತಂಡವು ಡಿಡಿಎಕ್ಸ್೪ ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯದ ಸಹಾಯದಿಂದ ಹೆಂಗಸರ ಅಂಡಾಶಯದಿಂದ ಅಂಡಮೂಲ ಕೋಶಗಳನ್ನು ಆರಿಸಿ ತೆಗೆದುದಾಗಿ ಹೇಳಿತು. ಆ ಪ್ರೋಟೀನು ಕೋಶದ ಒಳಗಿರತಕ್ಕದ್ದು, ಹೊರಮೈಯಲ್ಲಿ ಅದನ್ನು ಹಿಡಿಯುವುದು ಹೇಗೆ ಎಂದು ವಿಮರ್ಶಕರು ಆಗಲೇ ಕೇಳಿದರು. ೨೦೨೦ರಲ್ಲಿ ಸ್ವೀಡನ್ನಿನ ವಾಗ್ನರ್ ಮೊದಲಾದವರು ಅದೇ ಪ್ರತಿಕಾಯದಿಂದ ಆರಿಸಿದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವು ರಕ್ತನಾಳಗಳ ಸುತ್ತಲಿನ ಕೋಶಗಳೆಂದು ತೋರಿಸಿದರು. ಈ ಪ್ರಸಂಗವನ್ನು ಕೆಲವರು ಹಟಮಾರಿಗಳ ಜಗಳವೆಂದು ಚಿತ್ರಿಸುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಅಂಕೆಗಳ ಆಧಾರದಿಂದ ಹಳೆಯ ಮತವನ್ನು ಪ್ರಶ್ನಿಸಿದ ಮೊದಲ ಹೆಜ್ಜೆ ನ್ಯಾಯವಾದುದೇ. ಜ಼ುಕರ್‌ಮನ್ನನ ತೀರ್ಮಾನವೂ ಅಭಾವದ ಸಾಕ್ಷ್ಯವನ್ನು ಬಹುವಾಗಿ ನಂಬಿದ್ದಿತು. ಎಡವಿದ್ದು ಎರಡನೆಯ ಹೆಜ್ಜೆಯಲ್ಲಿ: ಒಂದು ಕುರುಹನ್ನು ವ್ಯಕ್ತಿಯ ಗುರುತೆಂದು ಹಿಡಿದುದರಲ್ಲಿ. ಮುದ್ರೆಯುಂಗುರ ದೊರೆತ ಕಡೆಯಲ್ಲೆಲ್ಲ ರಾಜನಿದ್ದನೆಂದು ಹೇಳಲಾಗದು. ಅಷ್ಟರಲ್ಲಿ ಹೊಸ ಅಂಡಗಳ ಆಸೆಯ ವಾರ್ತೆ ಪತ್ರಿಕೆಗಳಲ್ಲಿ ಹರಡಿ, ಮಕ್ಕಳಿಲ್ಲದ ಎಷ್ಟೋ ಮಂದಿಯ ಕಿವಿಗೆ ಬಿದ್ದಿತ್ತೆಂಬುದನ್ನು ಮರೆಯುವಂತಿಲ್ಲ.

ಅಂಡದ ಕಥನವನ್ನು ವಿಮರ್ಶಿಸಿದವರಲ್ಲಿ ನಾವು ಮೊದಲಿಗರಲ್ಲ. ಮಾನವಶಾಸ್ತ್ರಜ್ಞೆ ಎಮಿಲಿ ಮಾರ್ಟಿನ್ ೧೯೯೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪಠ್ಯಪುಸ್ತಕಗಳು ಶುಕ್ರಾಣುವನ್ನು ಸಾಹಸಿಯಾದ ನಾಯಕನನ್ನಾಗಿಯೂ ಅಂಡವನ್ನು ಕಾದು ಕುಳಿತ ನಾಯಿಕೆಯನ್ನಾಗಿಯೂ ಚಿತ್ರಿಸುತ್ತವೆಂದು ತೋರಿಸಿದರು. ಶುಕ್ರಾಣುಗಳ ಅಪಾರ ಉತ್ಪತ್ತಿಯನ್ನು ಹೊಗಳುವ ಅದೇ ಪುಸ್ತಕ ಅಂಡಗಳ ನಾಶವನ್ನು ಅಪವ್ಯಯವೆಂದು ಹಳಿಯುವುದನ್ನೂ ಅವರು ಎತ್ತಿ ಹೇಳಿದರು. ಈ ಪ್ರಬಂಧ ಸಾಕಷ್ಟು ಉಪಕಾರಮಾಡಿದೆ. ಇಂದಿಗೂ ವಿದ್ಯಾರ್ಥಿಗಳು ಅದನ್ನು ಓದಬೇಕು. ಆದರೆ ಅವರು ಮುಂದಿಟ್ಟ ಪ್ರತಿಸಾಕ್ಷ್ಯ ಬಹುಮಟ್ಟಿಗೆ ಅಂಡ ಮತ್ತು ಶುಕ್ರಾಣುಗಳ ಸಂಗಮದ ಮುಹೂರ್ತಕ್ಕೆ ಸೇರಿದ್ದು. ಆ ಒಂದು ಗಳಿಗೆಯಲ್ಲಿ ಅಂಡವೂ ಕ್ರಿಯಾಶೀಲವೆಂದು ಸಿದ್ಧಪಡಿಸಿದರೂ ಕಥೆಯ ರಂಗ ಮದುವೆಯ ಮಂಟಪವಾಗಿಯೇ ಉಳಿಯುತ್ತದೆ. ಅಂಡದ ಕೆಲಸದ ಬಹುಭಾಗ ಮಂಟಪಕ್ಕೆ ಬರುವ ಮೊದಲೇ ಮುಗಿದಿರುತ್ತದೆ. ತನ್ನ ಹೊರಪದರದ ಪ್ರೋಟೀನುಗಳನ್ನು, ಇಲಿಯಲ್ಲಿ ಮೂರು, ಮನುಷ್ಯರಲ್ಲಿ ನಾಲ್ಕು, ತಾನೇ ನೇಯ್ದುಕೊಳ್ಳುತ್ತದೆ. ಜಿಡಿಎಫ್೯ ಎಂಬ ಪ್ರೋಟೀನನ್ನು ಸ್ರವಿಸಿ ಸುತ್ತಲಿನ ಪುಟಕವನ್ನೇ ಬೆಳೆಸುತ್ತದೆ. ಇದಿಲ್ಲದ ಇಲಿಗಳಲ್ಲಿ ಪುಟಕಗಳು ಎಳೆತನದಲ್ಲಿಯೇ ನಿಂತುಹೋಗುವುದು ೧೯೯೬ರಲ್ಲಿ ಕಂಡುಬಂದಿತು. ಪುಟಕವೂ ಅಂಡವನ್ನು ಹತೋಟಿಯಲ್ಲಿಡುತ್ತದೆ. ಮೊಲದ ಅಂಡವನ್ನು ಪುಟಕದಿಂದ ಬಿಡಿಸಿ ಹೊರಗಿಟ್ಟರೆ ಅದು ತಾನಾಗಿಯೇ ಪಕ್ವವಾಗತೊಡಗುವುದನ್ನು ಪಿಂಕಸ್ ಮತ್ತು ಎನ್ಜ್‌ಮನ್ ೧೯೩೫ರಲ್ಲಿಯೇ ತೋರಿಸಿದ್ದರು. ೨೦೦೦ದಲ್ಲಿ ವರ್ಣಿತವಾದ ಮೇಟರ್ ಎಂಬ ಜೀನು ತಾಯಿ ಇಲಿಯಲ್ಲಿ ಇಲ್ಲದಿದ್ದರೆ ಆಕೆಯ ಭ್ರೂಣಗಳು ಎರಡು ಕೋಶಗಳಲ್ಲಿ ನಿಲ್ಲುತ್ತವೆ. ತಂದೆಯ ಕಡೆಯಿಂದ ಒಳ್ಳೆಯ ಜೀನು ಬಂದರೂ ಪ್ರಯೋಜನವಿಲ್ಲ. ಇವೆಲ್ಲ ನಾಯಕ ನಾಯಿಕೆಯರ ಕಥೆಯ ಚೌಕಟ್ಟಿನಲ್ಲಿ ಹಿಡಿಸುವ ಸಂಗತಿಗಳಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು. ಮೇಲಿನ ಸಾಕ್ಷ್ಯಗಳಲ್ಲಿ ಬಹುಪಾಲು ಇಲಿಯದು. ಇಲಿಯ ದಾಖಲೆಯನ್ನು ಓದಿ ಮನುಷ್ಯರ ಚರಿತ್ರೆಯನ್ನು ಬರೆಯುವುದು ರೂಢಿಯಾಗಿಬಿಟ್ಟಿದೆ. ಇಲಿಯ ಅಂಡವು ಹೊಸ ಪ್ರೋಟೀನಿನ ನೆರವಿಲ್ಲದೆಯೇ ಪಕ್ವತೆಯ ಮೊದಲ ಹೆಜ್ಜೆಯನ್ನು ಇಡಬಲ್ಲದು. ಕುರಿ ಮತ್ತು ಹಸುವಿನ ಅಂಡಗಳು ಇಡಲಾರವು. ಟಿಯುಬಿಬಿ೮ ಎಂಬ ಜೀನು ಮನುಷ್ಯರನ್ನೂ ಕಪಿಗಳನ್ನೂ ಒಳಗೊಂಡ ಪ್ರೈಮೇಟ್ ವರ್ಗದಲ್ಲಿ ಮಾತ್ರ ಇದೆ. ಮಾನವ ಅಂಡದಲ್ಲಿ ವರ್ಣತಂತುಗಳನ್ನು ಎಳೆಯುವ ಕದಿರನ್ನು ಕಟ್ಟುವುದಕ್ಕೆ ಅದು ಬೇಕು. ಅದು ಕೆಟ್ಟಾಗ ಅಂಡಗಳು ಪಕ್ವವಾಗದೆ ನಿಲ್ಲುತ್ತವೆಂದು ೨೦೧೬ರಲ್ಲಿ ತಿಳಿದುಬಂದಿತು. ಇಲಿಯ ಭಂಡಾರವನ್ನು ಎಷ್ಟು ಜಾಲಾಡಿದರೂ ಈ ಕಾರಣ ದೊರೆಯುತ್ತಿರಲಿಲ್ಲ. ಬಂಜೆತನವೆಂಬ ಒಂದೇ ಶಬ್ದದಿಂದ ಅಷ್ಟೂ ಹೊರೆಯನ್ನು ಹೆಂಗಸಿನ ಮೇಲೆ ಹೊರಿಸಿ ಪೂಜೆ, ಹರಕೆ, ಎರಡನೆಯ ಮದುವೆ ಎಂದು ಹೊರಟ ಸಮಾಜಕ್ಕೆ ಇಂಥ ಒಂದೊಂದು ನಿಶ್ಚಿತ ಕಾರಣದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ವಯಸ್ಸಿನ ಪ್ರಶ್ನೆ. ತಾಯಿಯ ವಯಸ್ಸು ಏರಿದಂತೆ ಅಂಡದಲ್ಲಿ ವರ್ಣತಂತುಗಳ ಹಂಚಿಕೆ ತಪ್ಪುವುದು ಹೆಚ್ಚುತ್ತದೆ. ಗರ್ಭ ನಿಲ್ಲದಿರುವುದಕ್ಕೂ ಡೌನ್ ಲಕ್ಷಣಕ್ಕೂ ಇದು ಮುಖ್ಯ ಕಾರಣ. ೨೦೦೪ರಿಂದೀಚೆಗೆ ಎಳೆಯ ಮತ್ತು ಮುದಿ ಅಂಡಗಳ ಸಂದೇಶಗಳನ್ನು ಹೋಲಿಸಿ ನೂರಾರು ಜೀನುಗಳ ಪಟ್ಟಿಗಳನ್ನು ಮಾಡಲಾಗಿದೆ. ಆ ಪಟ್ಟಿಗಳು ಸುಳ್ಳಲ್ಲ. ಆದರೆ ಸಂಗ್ರಹಲೇಖಕರು ಅವನ್ನು ಉದ್ಧರಿಸಿ, ವಯಸ್ಸಾದ ಅಂಡದಲ್ಲಿ ಜೀನುಗಳ ಅಭಿವ್ಯಕ್ತಿ ಕುಂದುವುದರಿಂದ ದೋಷವುಂಟಾಗುತ್ತದೆಂದು ಬರೆದುಬಿಟ್ಟಾಗ ಕಾರಣದ ಜಾಗದಲ್ಲಿ ಪಟ್ಟಿ ಬಂದು ಕೂಡುತ್ತದೆ. ವರ್ಣತಂತುಗಳ ಜೋಡಿಯನ್ನು ಕಟ್ಟಿಹಿಡಿಯುವ ಕೊಹೀಸಿನ್ ಎಂಬ ಪ್ರೋಟೀನು ಸಮೂಹವನ್ನು ನೋಡಿ. ಇದರ ಆರ್‌ಇಸಿ೮ ಎಂಬ ಅಂಗವನ್ನು ಒಳಗೊಂಡ ಕಟ್ಟು ಹೆಣ್ಣುಶಿಶು ಗರ್ಭದಲ್ಲಿರುವಾಗಲೇ ಬೀಳುತ್ತದೆ. ತಿಂಗಳುಗಟ್ಟಲೆ ತಡೆದು ನಿಂತ ಇಲಿಯ ಅಂಡಗಳಲ್ಲಿಯೂ ಅದು ಹೊಸದಾಗಿ ಮರುಕಟ್ಟಲ್ಪಡುವ ಕುರುಹು ದೊರೆಯಲಿಲ್ಲವೆಂದು ೨೦೧೦ ಮತ್ತು ೨೦೧೬ರ ಪ್ರಯೋಗಗಳು ತಿಳಿಸಿದವು. ಹುಟ್ಟುವ ಮೊದಲು ಕಟ್ಟಿದ ಕಟ್ಟು ಹೊರಬೀಳುವ ದಿನದವರೆಗೂ ತಡೆಯಬೇಕು. ಇಲ್ಲಿ ಇಂದಿನ ಸಂದೇಶಗಳ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಹಳೆಯ ಪ್ರೋಟೀನಿನ ಬಾಳಿಕೆ.

ಆ ಬಾಳಿಕೆಯನ್ನು ಅಳೆಯುವ ಕೆಲಸ ಈಗ ಆರಂಭವಾಗಿದೆ. ೨೦೨೪ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳಲ್ಲಿ ತಾಯಿ ಇಲಿಗಳಿಗೆ ಭಾರವಾದ ಐಸೋಟೋಪುಗಳುಳ್ಳ ಆಹಾರವನ್ನು ತಿನ್ನಿಸಿ, ಮರಿಗಳ ಮೈಯಲ್ಲಿ ಅಂದು ತಯಾರಾದ ಪ್ರೋಟೀನುಗಳಿಗೆ ಗುರುತುಹಾಕಿ, ಆಮೇಲೆ ಸಾಧಾರಣ ಆಹಾರಕ್ಕೆ ತಿರುಗಿಸಿ, ತಿಂಗಳುಗಳ ಅನಂತರ ಗುರುತಿನವು ಎಷ್ಟು ಉಳಿದಿವೆಯೆಂದು ನೋಡಲಾಯಿತು. ಅಂಡಗಳಲ್ಲಿಯೂ ಅಂಡಾಶಯದಲ್ಲಿಯ ಇತರ ಕೋಶಗಳಲ್ಲಿಯೂ ಅಸಾಧಾರಣವಾಗಿ ದೀರ್ಘಕಾಲ ಉಳಿಯುವ ಪ್ರೋಟೀನುಗಳು ಹಲವು ದೊರೆತವು. ಮೈಟೋಕಾಂಡ್ರಿಯಕ್ಕೆ ಸೇರಿದವು ಅವುಗಳಲ್ಲಿ ಗಣನೀಯ. ಇಲಿಯ ಬಾಳು ಎರಡು ಮೂರು ವರ್ಷ. ಹೆಂಗಸಿನ ಅಂಡದಲ್ಲಿ ನಲವತ್ತು ವರ್ಷ ಉಳಿದಿರಬಹುದಾದ ಪ್ರೋಟೀನು ಯಾವುದು, ಹಾಗೆ ಉಳಿದಾಗ ಅದು ಎಷ್ಟು ಸವೆದಿರುತ್ತದೆ ಎಂಬುದನ್ನು ಅದೇ ವಿಧಾನದಿಂದ ಕೇಳುವಂತಿಲ್ಲ. ಗರ್ಭಿಣಿಗೆ ಅಂಥ ಆಹಾರವನ್ನು ತಿನ್ನಿಸಿ ಮಗಳು ಬೆಳೆದು ದೊಡ್ಡವಳಾಗುವವರೆಗೆ ಕಾಯುವ ಪ್ರಯೋಗಶಾಲೆ ಯಾವುದೂ ಇಲ್ಲ.